ಗೋಡೆಯ ಮೇಲಿರುವವರು, ಕುರ್ಚಿಯ ಮೇಲಿರುವವರು

ಒಂದೇ ವಸ್ತು ಎರಡು ಕಡೆ ಇದ್ದರೆ ನನಗೆ ಮೈ ಉರಿಯುತ್ತದೆ. ಅಡುಗೆಮನೆಯಲ್ಲಿ ಎರಡು ಉಪ್ಪಿನ ಡಬ್ಬಿ ಕಂಡರೆ ಒಂದನ್ನು ಇನ್ನೊಂದಕ್ಕೆ ಸುರಿದು, ಖಾಲಿ ಡಬ್ಬಿಯನ್ನು ತೊಳೆದು ಬೋರಲು ಹಾಕುವ ತನಕ ಸಮಾಧಾನವಿಲ್ಲ. ಒಮ್ಮೆ ಹೀಗೆ ಸುರಿದ ಮೇಲೆ ಗೊತ್ತಾಯಿತು, ಎರಡನೆಯದರಲ್ಲಿ ಇದ್ದದ್ದು ಅಡುಗೆ ಸೋಡಾ. ಆ ವಾರದ ಸಾರಿನ ಬಗ್ಗೆ ನಮ್ಮ ಯಜಮಾನರು ಇವತ್ತಿಗೂ ಮಾತಾಡುತ್ತಾರೆ. ಮಾತಾಡಲಿ.

ಈ ಸ್ವಭಾವ ಹುಟ್ಟಿನಿಂದ ಬಂದದ್ದೋ ಕೆಲಸದಿಂದ ಬಂದದ್ದೋ ಹೇಳಲಾರೆ. ಕಂಟೋನ್ಮೆಂಟಿನ ಒಂದು ಅಂಚೆ ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕಾಗದ ವಿಂಗಡಿಸಿದವಳು ನಾನು. ಶಿವಾಜಿನಗರದ ಒಂದು ಗಲ್ಲಿಯಲ್ಲಿ ಒಂದೇ ಹೆಸರಿನ ಐದು ಜನರಿದ್ದರು. ಒಬ್ಬರು ಗಡಿಯಾರ ರಿಪೇರಿಯವರು, ಒಬ್ಬರು ಮಟನ್ ಅಂಗಡಿಯವರು, ಇಬ್ಬರು ಬಟ್ಟೆ ವ್ಯಾಪಾರದವರು. ಐದನೆಯವರು ಏನು ಮಾಡುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ, ಜಗಳ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಲಕೋಟೆಯ ಮೇಲಿನ ಕೈಬರಹ ನೋಡಿದರೆ ಸಾಕು, ಅದು ಐವರಲ್ಲಿ ಯಾರಿಗೆ ಬಂದದ್ದು ಎಂದು ಹೇಳಿಬಿಡುತ್ತಿದ್ದೆ. ನನ್ನ ಕೈಯಿಂದ ಒಂದು ಕಾಗದವೂ ತಪ್ಪಿ ಹೋದದ್ದಿಲ್ಲ ಎಂಬ ಜಂಬ ನನಗಿತ್ತು. ನಿವೃತ್ತಿಯಾಗಿ ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಕೂತ ಮೇಲೆ ಆ ಜಂಬಕ್ಕೆ ಕೆಲಸ ಇಲ್ಲದಂತಾಯಿತು.

ಕೆಲಸ ಕೊಟ್ಟವಳು ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ಹುಡುಗಿ. ಅವಳೂ ಅವಳ ಗೆಳೆಯರೂ ಶನಿವಾರ ಬೆಳಿಗ್ಗೆ ಇಂದಿರಾನಗರದಲ್ಲಿ, ಒಂದು ಕಾಲಕ್ಕೆ ಯಾರದೋ ಮನೆಯಾಗಿದ್ದು ಈಗ ಆಫೀಸಾಗಿರುವ ಕಟ್ಟಡದ ಹಜಾರದಲ್ಲಿ ಸೇರುತ್ತಿದ್ದರು. ಪ್ರಪಂಚದ ಎಲ್ಲ ಭಾಷೆಯವರೂ ಕೂಡಿ ಕಟ್ಟುತ್ತಿರುವ, ಯಾರು ಬೇಕಾದರೂ ಬರೆಯಬಹುದಾದ ಒಂದು ದೊಡ್ಡ ಮಾಹಿತಿ ಕೋಶ ಇಂಟರ್ನೆಟ್ಟಿನಲ್ಲಿದೆ. ಅದಕ್ಕೆ ನಮ್ಮೂರಿನ ಸಂಗತಿಗಳನ್ನು ಸೇರಿಸುವುದು ಇವರ ಹವ್ಯಾಸ.

"ಆಂಟಿ, ಸುಮ್ನೆ ಒಂದ್ಸಲ ಬಂದು ನೋಡಿ. ಇಷ್ಟ ಆಗ್ಲಿಲ್ಲಾಂದ್ರೆ ದೋಸೆ ತಿಂದ್ಕೊಂಡು ವಾಪಸ್ ಬಂದ್ಬಿಡೋಣ," ಎಂದಳು. ದೋಸೆಯ ಆಸೆಗೆ ಹೋದವಳು ಅಲ್ಲೇ ಬೇರು ಬಿಟ್ಟೆ.

ಮೊದಲ ದಿನ ಅವಳು ರಸೆಲ್ ಮಾರ್ಕೆಟ್ಟಿನ ಪುಟ ತೆರೆದು ತೋರಿಸಿದಳು. ಪುಟದ ತಲೆಯ ಮೇಲೆ ಉದ್ದನೆಯ ಒಂದು ಸಂಖ್ಯೆ. ಕೆಳಗೆ ಕನ್ನಡದಲ್ಲಿ ಒಂದು ಹೆಸರು, ತಮಿಳಿನಲ್ಲಿ ಒಂದು, ಉರ್ದುವಿನಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಪಕ್ಕದಲ್ಲಿ, ಜನ ಬಾಯಿಮಾತಿನಲ್ಲಿ ಕರೆಯುವ ಬೇರೆ ಹೆಸರುಗಳಿಗೂ ಜಾಗ. ಹೆಸರು ಎಷ್ಟಾದರೂ ಇರಲಿ, ವಸ್ತು ಒಂದಾದರೆ ಸಂಖ್ಯೆ ಒಂದು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೆ ಬೇರೆ ಯಾವುದಕ್ಕೂ ಕೊಡುವುದಿಲ್ಲ. ಹೆಸರಿನ ಕೆಳಗೆ ಒಂದೇ ಸಾಲಿನ ವಿವರಣೆ ಇರುತ್ತದೆ. ಅದು ಹೊಗಳುವುದಕ್ಕಲ್ಲ, ಅದೇ ಹೆಸರಿನ ಬೇರೆಯವರಿಂದ ಬಿಡಿಸಿ ತೋರಿಸುವುದಕ್ಕೆ. ಒಂದು ಭಾಷೆಯಲ್ಲಿ ಒಂದೇ ಹೆಸರಿನ ನೂರು ಪುಟ ಇರಬಹುದು, ತಕರಾರಿಲ್ಲ. ಹೆಸರೂ ವಿವರಣೆಯೂ ಎರಡೂ ಒಂದೇ ಆಗಿಬಿಟ್ಟರೆ ಮಾತ್ರ ಯಂತ್ರ ಒಪ್ಪದೆ ತಡೆಯುತ್ತದೆ.

"ಇದು ನಮ್ ಪೋಸ್ಟಾಫೀಸೇ ಕಣೇ!" ಎಂದು ನಾನು ಕೂಗಿದ್ದು ಪಕ್ಕದ ಕೋಣೆಯವರಿಗೂ ಕೇಳಿಸಿತಂತೆ.

ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರೇ ಇಲ್ಲ. ಯಾರಾದರೂ ವಿವರಣೆಯಲ್ಲಿ 'ಖ್ಯಾತ', 'ಅಪ್ರತಿಮ' ಎಂದು ಬರೆದಿದ್ದರೆ ಕತ್ತರಿಸಿ ಎಸೆಯುತ್ತಿದ್ದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಎಂದರೆ ಜೋಡಿ ಪುಟಗಳನ್ನು ಹಿಡಿಯುವುದು. ಒಂದೇ ಕೆರೆಗೆ ತಮಿಳಿನವರೊಬ್ಬರು ಒಂದು ಪುಟ ಮಾಡಿರುತ್ತಾರೆ, ಅದನ್ನು ಕಾಣದೆ ಕನ್ನಡದವರೊಬ್ಬರು ಇನ್ನೊಂದು ಮಾಡಿರುತ್ತಾರೆ. ಇಂಥವನ್ನು ಹುಡುಕಿ ಒಂದಕ್ಕೊಂದು ಸೇರಿಸಿ ಒಂದೇ ಪುಟ ಮಾಡಬಹುದು. ಒಂದು ಸಂಖ್ಯೆ ಉಳಿಯುತ್ತದೆ, ಇನ್ನೊಂದನ್ನು ಒತ್ತಿದವರು ಉಳಿದದ್ದಕ್ಕೆ ಬಂದು ಸೇರುತ್ತಾರೆ. ಡಬ್ಬಿ ಸುರಿಯುವವಳಿಗೆ ಇದಕ್ಕಿಂತ ಸುಖ ಬೇಕೆ?

ಒಂದು ಶನಿವಾರ ನನ್ನ ಕಣ್ಣಿಗೆ ಎರಡು ಪುಟ ಬಿದ್ದವು. ಎರಡರಲ್ಲೂ ಒಬ್ಬರೇ ಮನುಷ್ಯರ ಹೆಸರು. ಹೆಸರು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಮುಂದೆ ಓದಿದರೆ ಯಾಕೆಂದು ನಿಮಗೇ ಗೊತ್ತಾಗುತ್ತದೆ. ಎರಡರಲ್ಲೂ ಕ್ಲಾರಿಯೋನೆಟ್ ವಾದಕರು, ಎರಡರಲ್ಲೂ ಅದೇ ಮದುವೆ ಬ್ಯಾಂಡ್, ಎರಡರಲ್ಲೂ ಹಲಸೂರಿನ ಅದೇ ಬೀದಿ. ಒಂದು ಪುಟ ತಮಿಳಿನಲ್ಲಿ ಮಾಡಿದ್ದು, ಅದರಲ್ಲಿ ತೀರಿಕೊಂಡ ದಿನ ಇತ್ತು, ಫೋಟೋ ಇರಲಿಲ್ಲ. ಇನ್ನೊಂದು ಕನ್ನಡದಲ್ಲಿ ಮಾಡಿದ್ದು, ಅದರಲ್ಲಿ ಫೋಟೋ ಇತ್ತು, ತೀರಿಕೊಂಡ ದಿನ ಇರಲಿಲ್ಲ. ಹುಟ್ಟಿದ ವರ್ಷ ಎರಡರಲ್ಲೂ ಇಲ್ಲ. ಇದಕ್ಕಿಂತ ಚಂದದ ಜೋಡಿ ಎಲ್ಲಿ ಸಿಗಬೇಕು? ವಿವರಣೆಗಳು ಬೇರೆ ಬೇರೆ ಭಾಷೆಯಲ್ಲಿದ್ದುದರಿಂದ ಒಂದಕ್ಕೊಂದು ಡಿಕ್ಕಿ ಹೊಡೆಯಲಿಲ್ಲ, ಯಂತ್ರ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡಿತು. ಒಂದೇ ಭಾಷೆಯಲ್ಲಿ ಎರಡು ಬೇರೆ ಬೇರೆ ವಿವರಣೆ ಕಂಡಿದ್ದರೆ ಅಲ್ಲೇ ನನ್ನ ಕೈ ಹಿಡಿದು ನಿಲ್ಲಿಸುತ್ತಿತ್ತು. ನಾನು ಸೇರಿಸಿದೆ, ಬೆನ್ನು ತಟ್ಟಿಕೊಂಡೆ, ಎದ್ದು ಹೋಗಿ ಒಂದು ಖಾಲಿ ದೋಸೆ ಹೆಚ್ಚಿಗೆ ತಿಂದೆ.

ಎರಡು ತಿಂಗಳಾದ ಮೇಲೆ ಆ ಕೋಶದಲ್ಲಿ ನನಗೆಂದೇ ಇರುವ ಚರ್ಚೆಯ ಪುಟದಲ್ಲಿ ಒಂದು ಸಂದೇಶ ಬಂತು. ಅದುವರೆಗೆ ಅಲ್ಲಿ ಬರುತ್ತಿದ್ದದ್ದು 'ನಿಮ್ಮ ತಿದ್ದುಪಡಿಗೆ ಧನ್ಯವಾದ' ಎಂಬಂಥ ಮಾತು. ಈ ಸಲ ಹೀಗಿತ್ತು:

"ನಮಸ್ಕಾರ ಮೇಡಂ. ನಮ್ಮ ತಂದೆಯವರು ಬದುಕಿದ್ದಾರೆ. ಅವರು ತೀರಿಕೊಂಡಿದ್ದಾರೆ ಎಂದು ನೀವು ಮಾಡಿದ್ದೀರಿ. ಇದರಿಂದ ತುಂಬಾ ತೊಂದರೆಯಾಗಿದೆ. ದಯವಿಟ್ಟು ಮನೆಗೆ ಬಂದು ನೋಡಿ, ಅಮ್ಮ ಬರೆಯಲು ಹೇಳಿದ್ದಾರೆ." ಕೆಳಗೆ ಫೋನ್ ನಂಬರ್.

ನಾನು ನಾಲ್ಕನೇ ಮಹಡಿಗೆ ಓಡಿದೆ. ಲಿಫ್ಟಿಗೂ ಕಾಯಲಿಲ್ಲ. ಹುಡುಗಿ ಪುಟದ ಇತಿಹಾಸ ತೆರೆದಳು. ಅಲ್ಲಿ ಯಾರು ಯಾವಾಗ ಏನು ಮಾಡಿದರೆಂಬುದು ಸಾಲುಸಾಲಾಗಿ ಉಳಿದಿರುತ್ತದೆ. ಸೇರಿಸಿದವರು ಯಾರು ಎಂಬಲ್ಲಿ ನಾನೇ ಕೂತಿದ್ದೆ. ಆಮೇಲೆ ಅವಳು ಫೋಟೋವನ್ನು ದೊಡ್ಡದು ಮಾಡಿದಳು. ಬಿಳಿ ಬ್ಯಾಂಡ್ ಕೋಟು ತೊಟ್ಟ ಮುದುಕರು ಕ್ಲಾರಿಯೋನೆಟ್ ಹಿಡಿದು ನಿಂತಿದ್ದರು.

"ಆಂಟಿ, ತೀರ್ಕೊಂಡಿರೋ ಡೇಟ್ ನೋಡಿ. ನಾನು ಹುಟ್ಟೋಕ್ಕೆ ಎಷ್ಟೋ ವರ್ಷ ಮುಂಚೆ. ಈಗ ಫೋಟೋದಲ್ಲಿ ಅವ್ರ ಹಿಂದೆ ನೋಡಿ."

ಹಿಂದೆ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇತ್ತು, ನಮ್ಮ ಅಪಾರ್ಟ್‌ಮೆಂಟಿಗೂ ದಿನಾ ಬರುವಂಥದ್ದು.

ಮುಖ ಎಲ್ಲಿಡಲಿ ಎನ್ನುವಂತಾಯಿತು. ಮೂವತ್ತು ವರ್ಷ ಒಂದು ಕಾಗದ ತಪ್ಪದ ಕೈ ಇದು, ಈಗ ಒಬ್ಬ ಮನುಷ್ಯರನ್ನೇ ತಪ್ಪಿಸಿತ್ತು. ಆ ನಂಬರಿಗೆ ಫೋನು ಮಾಡಿದೆ. ಮಗಳು ಎತ್ತಿದರು. ಬೈಯಬಹುದು ಎಂದು ಕಾಯುತ್ತಿದ್ದೆ, ಅವರು ಬೈಯಲಿಲ್ಲ. ನಡೆದದ್ದನ್ನು ಹೇಳಿದರು. ಕಂಟೋನ್ಮೆಂಟಿನ ಹಳೆಯ ಬ್ಯಾಂಡ್ ಸಂಗೀತದ ಬಗ್ಗೆ ಯಾರೋ ಒಂದು ಸಂಜೆಯ ಕಾರ್ಯಕ್ರಮ ಇಟ್ಟಿದ್ದರು. ಶಿವಾಜಿನಗರದ ಬ್ಯಾಂಡ್ ಅಂಗಡಿಯವರೊಬ್ಬರು ಇವರ ತಂದೆಯ ಹೆಸರು ಕೊಟ್ಟಿದ್ದರಂತೆ. ಸಂಘಟಕರು ಕೋಶದಲ್ಲಿ ಹುಡುಕಿ ನೋಡಿದ್ದಾರೆ, ತೀರಿಕೊಂಡಿದ್ದಾರೆ ಎಂದು ಕಂಡಿದೆ, ನುಡಿಸುವವರ ಪಟ್ಟಿಯಿಂದ ತೆಗೆದು ಶ್ರದ್ಧಾಂಜಲಿಯ ಪಟ್ಟಿಗೆ ಹಾಕಿದ್ದಾರೆ. ಮಗಳು ಕೇಳಿದ್ದಕ್ಕೆ, "ಮೇಡಂ, ಆ ಕಲಾವಿದರು ಈಗಿಲ್ಲ. ನಿಮ್ಮ ತಂದೆ ಅದೇ ಹೆಸರಿನ ಬೇರೆ ಯಾರೋ ಇರಬೇಕು. ಏನಾದ್ರೂ ಇದ್ರೆ ಮೊದಲು ಅಲ್ಲಿ ಸರಿ ಮಾಡಿಸ್ಕೊಂಡು ಬನ್ನಿ," ಎಂದಿದ್ದಾರೆ.

"ಕಾರ್ಯಕ್ರಮ ಈ ಭಾನುವಾರ," ಎಂದರು ಮಗಳು. ಅಂದು ಮಂಗಳವಾರ.

ಮನೆಯಲ್ಲೇ ಕೂತು ಎರಡು ನಿಮಿಷದಲ್ಲಿ ಸರಿ ಮಾಡಬಹುದಿತ್ತು. ಆದರೆ ಅರ್ಧ ತಿಳಿದು ಮಾಡಿದ್ದಕ್ಕೇ ಅಲ್ಲವೆ ಈ ಅವಾಂತರ. ಈ ಸಲ ಕಣ್ಣಾರೆ ನೋಡದೆ ಒಂದು ಅಕ್ಷರ ಮುಟ್ಟುವುದಿಲ್ಲ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಆಟೋದಲ್ಲಿ ಕೆ.ಆರ್. ಪುರದ ಸ್ಟೇಷನ್ನಿಗೆ ಹೋಗಿ ಮೆಟ್ರೋ ಹತ್ತಿ ಹಲಸೂರಿನಲ್ಲಿ ಇಳಿದೆ. ಮೊಳ ಮಲ್ಲಿಗೆ, ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡೆ. ಬದುಕಿರುವವರನ್ನು ಸಾಯಿಸಿ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ಮನೆ. ಬಾಗಿಲಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬರು ಕೂತಿದ್ದರು. ಫೋಟೋದವರೇ. ನಾನು ಯಾರೆಂದು ಹೇಳಿದೆ. ಅವರು ಪಂಚೆಯನ್ನು ಸ್ವಲ್ಪ ಮೇಲೆತ್ತಿ ಎರಡು ಕಾಲನ್ನೂ ಮುಂದೆ ಚಾಚಿದರು.

"ನೋಡ್ಕೊಳಮ್ಮ, ಪಾದ ಮುಂದಕ್ಕೇ ಇದೆ. ದೆವ್ವ ಅಲ್ಲ," ಎಂದರು. ಆಮೇಲೆ ಒಳಗೆ ತಿರುಗಿ, "ಏಯ್, ನನ್ನ ಸಾಯ್ಸಿದೋರು ಬಂದಿದಾರೆ, ಕಾಫಿ ಇಡು!" ಎಂದು ಕೂಗಿದರು.

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತೆಲ್ಲ ನಗುವಿನಲ್ಲಿ ಕೊಚ್ಚಿಹೋಯಿತು. ಅವರ ಹೆಂಡತಿ ಹೊರಗೆ ಬಂದರು. ಕುಳ್ಳಗೆ, ಮೂಗಿಗೆ ಎರಡೂ ಕಡೆ ಬೊಟ್ಟು, ಮುಖದಲ್ಲಿ ಸಿಟ್ಟು. ಅವರು ಮಾತ್ರ ನಗಲಿಲ್ಲ. ಮಲ್ಲಿಗೆ ತೆಗೆದುಕೊಂಡರು, ಮೂಸಿದರು, ಆಮೇಲೆ ಒಳಗೆ ಬಾ ಎಂದರು.

ನಾನು ನೋಟ್‌ಬುಕ್ ತೆಗೆದು ಶುರು ಮಾಡಿದೆ. "ಅಕ್ಕ, ತಮಿಳು ಪುಟದಲ್ಲಿರೋರು ಯಾರು? ಅದೇ ಹೆಸರು, ಅದೇ ಬೀದಿ, ಅದೇ ಬ್ಯಾಂಡು."

"ಅವ್ರು ಅವ್ರು," ಎಂದರು ಆಕೆ.

"ಅವ್ರು ಅಂದ್ರೆ?"

"ಅವ್ರೇಮ್ಮಾ. ಇವ್ರಲ್ಲ, ಅವ್ರು."

"ಹೆಸರು ಹೇಳಿ ಅಕ್ಕ, ಬರ್ಕೋತೀನಿ."

ಆಕೆ ಸೆರಗು ಬಾಯಿಗಿಟ್ಟುಕೊಂಡರು. ಗಂಡ ಬಾಗಿಲಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ ಆಕೆ ನನ್ನ ಕೈ ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಚೌಕಟ್ಟು ಹಾಕಿದ ಒಂದು ಹಳೆಯ ಫೋಟೋ ತೋರಿಸಿದರು. ಪೇಟ, ಮೀಸೆ, ಎದೆಗಾನಿಸಿದ ಕ್ಲಾರಿಯೋನೆಟ್, ಚೌಕಟ್ಟಿಗೆ ಗಂಧದ ಹಾರ.

"ಗೋಡೆ ಮೇಲಿರೋರು ಅವ್ರು. ಕುರ್ಚಿ ಮೇಲಿರೋರು ಇವ್ರು," ಎಂದರು. "ಗೋಡೆ ಮೇಲಿರೋರು ದೇವರಂಥೋರು. ಕುರ್ಚಿ ಮೇಲಿರೋರ್ ಜೊತೇಲಿ ಏಗೋದೇ ಕಷ್ಟ."

ಗೋಡೆಯ ಮೇಲಿದ್ದವರು ಕುರ್ಚಿಯವರ ತಾತ. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟಿದ್ದರು. ಅಷ್ಟೇ. ಅಷ್ಟು ಸರಳ. ಅದೇ ಮನೆ, ಅದೇ ಬ್ಯಾಂಡು, ಅದೇ ವಾದ್ಯ, ಅದೇ ಹೆಸರು, ನಡುವೆ ಒಂದು ತಲೆಮಾರು. ನಾನು ಹಣೆ ಹಣೆ ಚಚ್ಚಿಕೊಂಡೆ. ಯಾಕೆಂದರೆ ನನ್ನ ಸ್ವಂತ ಅಣ್ಣನಿಗೇ ನಮ್ಮ ತಾತನ ಹೆಸರು. ಮನೆಮನೆಯಲ್ಲೂ ನಡೆಯುವ ಪದ್ಧತಿ ಪರದೆಯ ಮುಂದೆ ಕೂತಾಗ ನೆನಪಿಗೆ ಬರಲಿಲ್ಲ. ಜೋಡಿ ಕಂಡ ಖುಷಿಯಲ್ಲಿ ಬುದ್ಧಿ ಮೇಯಲು ಹೋಗಿತ್ತು.

"ನಮ್ಮಮ್ಮ ಮಾವನ ಹೆಸರು ಬಾಯಲ್ಲಿ ಹೇಳೋ ಹಾಗಿರ್ಲಿಲ್ಲ," ಎಂದರು ಕುರ್ಚಿಯವರು, ಕಣ್ಣೊರೆಸಿಕೊಳ್ಳುತ್ತ. "ಅದಕ್ಕೇ ನನ್ನನ್ನ 'ಕಣ್ಣು', 'ರಾಜಾ' ಅಂತಾನೇ ಕರೆದ್ರು. ಮದುವೆ ಆದ್ಮೇಲೆ ಇವಳೂ ಹೇಳಲ್ಲ. ಬ್ಯಾಂಡಲ್ಲಿ ಎಲ್ರೂ ಮಾಸ್ಟರ್ ಅಂತಿದ್ರು. ಜನ್ಮದಲ್ಲಿ ನನ್ನ ಹೆಸರು ಹಿಡ್ದು ಕರ್ದಿದ್ದು ಸ್ಕೂಲ್ ಮೇಷ್ಟ್ರು ಒಬ್ರೇ. ಈಗ ಕಂಪ್ಯೂಟರ್ ಕರೀತು. ಅದೂ ಸತ್ತೋದ ಅಂತ."

ಕಾಫಿ ಬಂತು. ಆ ಮನೆಯ ಕಾಫಿಯ ಬಗ್ಗೆ ಬರೆಯಲು ಹೊರಟರೆ ಬೇರೆ ಪುಸ್ತಕವೇ ಬೇಕು. ಎರಡು ಗುಟುಕು ಕುಡಿದ ಮೇಲೆ ಧೈರ್ಯ ಮಾಡಿ ಕೇಳಿದೆ, "ಅಣ್ಣ, ಬೇಜಾರಾಯ್ತಾ?"

ಅವರು ನಗು ನಿಲ್ಲಿಸಿದರು. ಒಳಗೆ ಹೋಗಿ ಒಂದು ಹಳೆಯ ಪೆಟ್ಟಿಗೆ ತಂದು ತೊಡೆಯ ಮೇಲಿಟ್ಟುಕೊಂಡರು. ವಾದ್ಯದ ತುಂಡುಗಳನ್ನು ಒಂದೊಂದಾಗಿ ಜೋಡಿಸುತ್ತ ಮಾತಾಡಿದರು.

"ನಮ್ದು ಮದುವೆ ಬ್ಯಾಂಡು. ಮೆರವಣಿಗೆ, ಬರಾತು, ಗಣೇಶ. ಐವತ್ತು ವರ್ಷ ನಡ್ಕೊಂಡೇ ನುಡ್ಸಿದೀನಮ್ಮ. ಮುಂದೆ ನಾವು, ಹಿಂದೆ ಕುದುರೆ, ಮದುವೆ ಗಂಡು. ನಿಂತು ಕೇಳೋರು ಯಾರೂ ಇಲ್ಲ, ಕುಣಿಯೋರು ಇರ್ತಾರೆ, ಪಟಾಕಿ ಹೊಡಿಯೋರು ಇರ್ತಾರೆ. ತಾತನೂ ಅಷ್ಟೇ, ನಡ್ಕೊಂಡೇ ನುಡ್ಸಿ ಹೋದ್ರು. ಒಂದೇ ಒಂದ್ಸಲ, ನಾನು ಕೂತ್ಕೊಂಡು ನುಡಿಸ್ಬೇಕು, ಜನ ಕೂತ್ಕೊಂಡು ಕೇಳ್ಬೇಕು. ಇಷ್ಟೇ ಆಸೆ. ಹಲ್ಲು ಬಿದ್ದು ಬಿಟ್ಬಿಟ್ಟಿದ್ದೆ. ಈ ಪ್ರೋಗ್ರಾಮ್ ವಿಷಯ ಗೊತ್ತಾದ ಮೇಲೆ ಹಲ್ಲು ಸೆಟ್ ಹಾಕಿಸ್ಕೊಂಡು, ದಿನಾ ಮಧ್ಯಾಹ್ನ ಪ್ರಾಕ್ಟೀಸ್ ಮಾಡಿದೀನಿ. ಮೊದಲು ಬರೀ ಗಾಳಿ ಬರ್ತಿತ್ತು."

"ಬೀದಿಯೋರೆಲ್ಲ ಜಗಳಕ್ಕೆ ಬಂದಿದ್ರು," ಎಂದರು ಹೆಂಡತಿ. ಈಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

ಒಂದು ಗುಂಡಿ ಒತ್ತಿ ನಾನು ಕಿತ್ತುಕೊಂಡದ್ದು ಇದನ್ನು. ಕಾಫಿ ಲೋಟ ಕೆಳಗಿಟ್ಟು ಫೋನು ತೆಗೆದೆ.

ಬಿಡಿಸುವುದು ಸೇರಿಸಿದಷ್ಟು ಸುಲಭವಲ್ಲ, ಆದರೆ ಕಷ್ಟವೂ ಅಲ್ಲ. ಎರಡೂ ಪುಟಗಳ ಹಳೆಯ ರೂಪ ಇತಿಹಾಸದಲ್ಲಿ ಉಳಿದಿರುತ್ತದೆ. ಮೊದಲು ತಾತನ ಪುಟವನ್ನು ಹಿಂದಿನ ರೂಪಕ್ಕೆ ತಂದೆ, ಅವರಿಗೆ ಅವರ ಸಂಖ್ಯೆ, ತೀರಿಕೊಂಡ ದಿನ ಅಲ್ಲೇ ಉಳಿಯಿತು. ಆಮೇಲೆ ಮೊಮ್ಮಗನ ಪುಟ, ಅವರ ಸಂಖ್ಯೆ, ನೀರಿನ ಕ್ಯಾನಿನ ಫೋಟೋ. ಈಗ ಇಬ್ಬರಿಗೂ ಕನ್ನಡದಲ್ಲೂ ತಮಿಳಿನಲ್ಲೂ ವಿವರಣೆ ಬರೆಯಬೇಕಿತ್ತು, ಇನ್ನೊಬ್ಬಳು ನನ್ನಂಥವಳು ಬಂದರೆ ತಡೆಯುವಂಥದ್ದು. ಏನು ಬರೆಯಲಿ ಎಂದು ಕೇಳಿದೆ.

"ಗೋಡೆ ಮೇಲೆ, ಕುರ್ಚಿ ಮೇಲೆ ಅಂತ ಬರಿ," ಎಂದರು ಹೆಂಡತಿ.

"ನಾಳೆ ನಾನು ಮಂಚದ ಮೇಲೆ ಮಲಗಿದ್ರೆ?" ಎಂದರು ಗಂಡ.

ಅರ್ಧ ಗಂಟೆ ವಾದವಾಯಿತು. ಕೊನೆಗೆ ತಾತನ ಹೆಸರಿನ ಕೆಳಗೆ 'ಕ್ಲಾರಿಯೋನೆಟ್ ವಾದಕ, ಹಲಸೂರಿನಲ್ಲಿ ಬ್ಯಾಂಡ್ ಕಟ್ಟಿದವರು' ಎಂದೂ, ಇವರ ಹೆಸರಿನ ಕೆಳಗೆ 'ಕ್ಲಾರಿಯೋನೆಟ್ ವಾದಕ, ಬ್ಯಾಂಡ್ ಕಟ್ಟಿದವರ ಮೊಮ್ಮಗ' ಎಂದೂ ಬರೆದೆ. ನಿಮ್ಮ ಬಗ್ಗೆ ಬೇರೆ ಏನಾದರೂ ಹಾಕಲೇ ಎಂದದ್ದಕ್ಕೆ, "ಮೊಮ್ಮಗ ಅಂದ್ರೆ ಸಾಕಮ್ಮ," ಎಂದರು. ತಮಿಳು ಸಾಲನ್ನು ಅವರೇ ಹೇಳಿದರು, ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಜನ ಕರೆಯುವ ಹೆಸರುಗಳ ಜಾಗದಲ್ಲಿ 'ಮಾಸ್ಟರ್' ಸೇರಿತು. ಕೊನೆಗೆ ಎರಡು ಪುಟಗಳಲ್ಲೂ ಒಂದೊಂದು ಹೇಳಿಕೆ ಹಾಕಿದೆ, ಇವರು ಅವರಲ್ಲ, ಅವರು ಇವರಲ್ಲ. ಅದಕ್ಕೆಂದೇ ಅಲ್ಲಿ ಒಂದು ಜಾಗವಿದೆ. ಹೆಂಡತಿಗೆ ಅದನ್ನು ಓದಿ ಹೇಳಿದೆ.

"ನಾನು ಮೊದಲೇ ಹೇಳ್ಲಿಲ್ವಾ, ಇವ್ರಲ್ಲ ಅವ್ರು ಅಂತ?" ಎಂದರು.

ಮಾಸ್ಟರ್ ಫೋನನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು ತಮ್ಮ ಪುಟವನ್ನೂ ತಾತನ ಪುಟವನ್ನೂ ನೋಡಿದರು. "ತಾತಂಗೆ ತೀರ್ಕೊಂಡ ದಿನ ಅಂತ ಇದೆ. ನನ್ನದ್ರಲ್ಲಿ ಬದುಕಿದಾನೆ ಅಂತ ಎಲ್ಲಿ ಬರ್ದಿದೆ?"

"ಹಾಗೆ ಬರಿಯೋಕ್ಕೆ ಅಲ್ಲಿ ಜಾಗ ಇಲ್ಲ ಅಣ್ಣ. ಆ ದಿನ ಇಲ್ದೆ ಇದ್ರೆ ಇದಾರೆ ಅಂತ ಅರ್ಥ."

ಅವರು ತಮ್ಮ ಪುಟವನ್ನು ಇನ್ನೊಮ್ಮೆ ನೋಡಿದರು. "ಒಳ್ಳೇದು. ಹಾಗೇ ಖಾಲಿ ಬಿಟ್ಬಿಡು," ಎಂದು ಫೋನು ವಾಪಸು ಕೊಟ್ಟರು.

ಈಗ ಸಂಘಟಕರು. ಅಲ್ಲಿಂದಲೇ ಫೋನು ಮಾಡಿ ಸ್ಪೀಕರ್ ಹಾಕಿದೆ. ಆ ಕಡೆಯವರು ಒಳ್ಳೆಯವರೇ, ಆದರೆ ನಾಲ್ಕು ದಿನದಲ್ಲಿ ಕಾರ್ಯಕ್ರಮ ಇಟ್ಟುಕೊಂಡವರ ಸ್ಥಿತಿ ಯಾರಿಗೂ ಬೇಡ.

"ಮೇಡಂ, ಇನ್ವಿಟೇಶನ್ ಎಲ್ಲಾ ಹೋಗಿದೆ. ಅವ್ರು ಇಲ್ಲ ಅಂತ ನಾವೇ ನೋಡಿದೀವಿ."

"ಈಗ ಇನ್ನೊಂದ್ಸಲ ನೋಡಿ."

ಕೀಲಿಮಣೆಯ ಸದ್ದು. "ಅರೆ. ಈಗ ಎರಡು ಬರ್ತಿದೆಯಲ್ಲ?"

"ಇದ್ದದ್ದೇ ಎರಡು. ನಡುವೆ ಒಬ್ಬಳು ಮೂರ್ಖಳು ಒಂದು ಮಾಡಿದ್ಲು."

"ಯಾರು ಮೇಡಂ?"

"ನಾನೇ."

"ಮೇಡಂ, ತಪ್ಪು ತಿಳ್ಕೋಬೇಡಿ. ನಿನ್ನೆ ಒಂದು ಇತ್ತು, ಇವತ್ತು ಎರಡಾಯ್ತು. ನಾಳೆ ಇನ್ನೊಂದಾದ್ರೆ? 'ಇವ್ರು ನಿಜವಾಗ್ಲೂ ನುಡಿಸ್ತಾರಾ' ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

ಹಿಂದಿನಿಂದ ಕ್ಲಾರಿಯೋನೆಟ್ ಶುರುವಾಯಿತು. ಬಾಗಿಲಲ್ಲಿ ಕೂತು, ನನ್ನ ಕೈಯಲ್ಲಿದ್ದ ಫೋನಿನ ಕಡೆ ತಿರುಗಿ, ಅವರು ನುಡಿಸತೊಡಗಿದರು. ನನಗೆ ಸಂಗೀತ ಅಷ್ಟಾಗಿ ತಿಳಿಯದು. ಮದುವೆ ಮೆರವಣಿಗೆಯಲ್ಲಿ ಕೇಳಿ ಮರೆತ ಧಾಟಿಯೇ ಇರಬೇಕು, ಆದರೆ ನಿಧಾನವಾಗಿ, ಒಂದೊಂದು ಸ್ವರವನ್ನೂ ನಿಲ್ಲಿಸಿ ನೋಡಿ ಮುಂದೆ ಹೋಗುವ ಹಾಗೆ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೈಯಲ್ಲಿ ಕ್ಲಿಪ್ ಹಿಡಿದು ನಿಂತುಬಿಟ್ಟಳು. ಮುಗಿದ ಮೇಲೆ ಫೋನಿನಿಂದ ಸಂಘಟಕರ ದನಿ ಬಂತು.

"ಕೊನೇ ಐಟಂ. ಇಪ್ಪತ್ತು ನಿಮಿಷ ಸಾಕಾ ಅಂತ ಕೇಳಿ ಮೇಡಂ," ಎಂದರು.

"ಇಪ್ಪತ್ತೈದು," ಎಂದರು ಮಾಸ್ಟರ್, ವಾದ್ಯದ ಬಾಯಿ ಒರೆಸುತ್ತ.

ಭಾನುವಾರ ಸಂಜೆ ನಾನು, ನಾಲ್ಕನೇ ಮಹಡಿಯ ಹುಡುಗಿ, ಸಾರಿನ ಯಜಮಾನರು ಮೂವರೂ ಹೋದೆವು. ಕಂಟೋನ್ಮೆಂಟಿನ ಒಂದು ಚಿಕ್ಕ ಸಭಾಂಗಣ. ಮಾಸ್ಟರ್ ಬಿಳಿ ಕೋಟು ಇಸ್ತ್ರಿ ಮಾಡಿಸಿಕೊಂಡು ಬಂದು ಮೊದಲ ಸಾಲಿನಲ್ಲಿ ಹೆಂಡತಿ ಮಗಳ ನಡುವೆ ಕೂತಿದ್ದರು. ನನಗೂ ಪಕ್ಕದಲ್ಲೇ ಜಾಗ ಹಿಡಿದಿಟ್ಟಿದ್ದರು. ಹೆಂಡತಿ ನನ್ನ ಜಡೆಗೆ ಮಲ್ಲಿಗೆ ಮುಡಿಸಿದರು, ಕೇಳಲೂ ಇಲ್ಲ. ಹೊಸಬರು ನುಡಿಸಿದರು, ಮಾತಾಡುವವರು ಸ್ವಲ್ಪ ಜಾಸ್ತಿಯೇ ಮಾತಾಡಿದರು. ಕೊನೆಯ ಐಟಂಗೆ ಮುಂಚೆ ನಿರೂಪಕಿ ಒಂದು ಚೀಟಿ ಹಿಡಿದು ಬಂದರು.

"ಈಗ ನಮ್ಮನ್ನಗಲಿದ ಬ್ಯಾಂಡ್ ಕಲಾವಿದರಿಗಾಗಿ ಒಂದು ನಿಮಿಷ ಮೌನ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು," ಎಂದರು.

ಎಲ್ಲರೂ ಎದ್ದೆವು. ಅವರು ಒಂದೊಂದೇ ಹೆಸರು ಓದಿದರು. ನಾಲ್ಕನೆಯ ಹೆಸರು ಕೇಳಿ ತಟ್ಟನೆ ತಲೆ ಎತ್ತಿದೆ. ಅದೇ ಹೆಸರು. ಹಳೆಯ ಪಟ್ಟಿ! ಫೋನಿನಲ್ಲಿ ಅಷ್ಟು ಹೇಳಿ, ಅಷ್ಟು ಕೇಳಿಸಿ, ಕೊನೆಗೂ ಇವರು ಚೀಟಿ ಬದಲಾಯಿಸಿಲ್ಲ. ಕೋಪ ನೆತ್ತಿಗೇರಿತು. ಮೌನವೋ ಗೀನವೋ, ವೇದಿಕೆಗೆ ನುಗ್ಗಿ ಚೀಟಿ ಕಿತ್ತುಕೊಳ್ಳಬೇಕೆಂದು ನಾನು ಹೆಜ್ಜೆ ಎತ್ತಿಯೂ ಆಗಿತ್ತು. ಯಾರೋ ಗಟ್ಟಿಯಾಗಿ ನನ್ನ ಮಣಿಕಟ್ಟು ಹಿಡಿದರು. ಮಾಸ್ಟರ್.

"ಎಲ್ಲಿಗ್ ಹೋಗ್ತೀಯಮ್ಮ?" ಎಂದು ಪಿಸುಗುಟ್ಟಿದರು. "ಅದು ನಮ್ ತಾತ. ಅವ್ರ ಹೆಸರೂ ಓದ್ಬೇಕು ಅಂತ ನಾನೇ ಹೇಳಿದ್ದು. ನಂದು ಆಮೇಲೆ."

ನಾನು ನಿಂತಲ್ಲೇ ನಿಂತೆ. ಅವರು ಕಣ್ಣು ಮುಚ್ಚಿ, ವಾದ್ಯವನ್ನು ಎದೆಗವಚಿಕೊಂಡು, ತಮ್ಮದೇ ಹೆಸರಿನವರಿಗೆ ತಲೆ ಬಾಗಿಸಿದ್ದರು. ಆ ಒಂದು ನಿಮಿಷದಲ್ಲಿ ನಾನು ಅತ್ತೆ, ಸಂತೋಷಕ್ಕೆ.

"ದಯವಿಟ್ಟು ಎಲ್ಲರೂ ಕುಳಿತುಕೊಳ್ಳಿ," ಎಂದರು ನಿರೂಪಕಿ. ಕುರ್ಚಿಗಳು ಸದ್ದು ಮಾಡಿದವು. ಆಮೇಲೆ ಅದೇ ಹೆಸರನ್ನು ಎರಡನೆಯ ಸಲ ಕರೆದರು, 'ಬ್ಯಾಂಡ್ ಕಟ್ಟಿದವರ ಮೊಮ್ಮಗ' ಎಂದೂ ಸೇರಿಸಿದರು. ಸಭೆಯಲ್ಲಿ ಕೂರದೆ ನಿಂತಿದ್ದವರು ಅವರೊಬ್ಬರೇ. ಮೆಟ್ಟಿಲು ಹತ್ತಿ ಹೋದರು. ವೇದಿಕೆಯ ನಡುವೆ ಒಂದು ಕುರ್ಚಿ ಇತ್ತು. ಅದರಲ್ಲಿ ಕೂತು, ಕೋಟಿನ ಗುಂಡಿ ಸರಿ ಮಾಡಿಕೊಂಡರು. ಕೂಡಲೇ ನುಡಿಸಲಿಲ್ಲ. ಮೊದಲ ಸಾಲಿನಿಂದ ಹಿಂದಿನ ಗೋಡೆಯ ತನಕ, ಒಬ್ಬೊಬ್ಬರನ್ನೂ ಎಣಿಸುವ ಹಾಗೆ ನಮ್ಮನ್ನು ನೋಡಿದರು.

"ಎಲ್ರೂ ಕೂತಿದಾರಾ ನೋಡಮ್ಮ," ಎಂದು ಹೆಂಡತಿ ನನ್ನ ಕಿವಿಯಲ್ಲಿ ಕೇಳಿದರು. ಹಿಂದೆ ತಿರುಗಿ ನೋಡಲು ಅವರಿಗೆ ಧೈರ್ಯವಿರಲಿಲ್ಲ.

ನಾನು ತಿರುಗಿ ನೋಡಿದೆ.

"ಕೂತಿದಾರೆ ಅಕ್ಕ. ಎಲ್ರೂ," ಎಂದೆ. ಅಷ್ಟರಲ್ಲಿ ಮೊದಲ ಸ್ವರ ಬಂತು.